ಹದಿನಾಲ್ಕನೆಯ ಪುಟ ಮತ್ತು ಮಾವನ ಮೀಸೆ

ನನಗೊಂದು ಚಟವಿದೆ. ಹೆಮ್ಮೆಯಿಂದ ಹೇಳಿಕೊಳ್ಳುವಂಥದ್ದಲ್ಲ, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದಕ್ಕೇನಿದೆ? ಅಂಗಡಿಯಿಂದ ತಂದ ಪೊಟ್ಟಣವನ್ನು ಬಿಚ್ಚಿ ಸಾಮಾನನ್ನು ಡಬ್ಬಿಗೆ ಸುರಿದ ಮೇಲೆ, ಆ ಕಾಗದವನ್ನು ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದದೆ ನನಗೆ ಮುಂದಿನ ಕೆಲಸಕ್ಕೆ ಕೈ ಏಳುವುದಿಲ್ಲ. ಟೆಂಡರು ಪ್ರಕಟಣೆಯಾದರೂ ಸರಿ, ಹೋದ ವರ್ಷದ ಪಂಚಾಂಗದ ಹಾಳೆಯಾದರೂ ಸರಿ, ಯಾರದೋ ಮಗುವಿನ ಪರೀಕ್ಷೆಯ ಉತ್ತರ ಪತ್ರಿಕೆಯಾದರೂ ಸರಿ. ಉತ್ತರ ಪತ್ರಿಕೆಯಾದರೆ ಮೇಷ್ಟ್ರು ಅಂಕಗಳನ್ನು ಸರಿಯಾಗಿ ಕೂಡಿಸಿದ್ದಾರೆಯೇ ಎಂದೂ ನೋಡುತ್ತೇನೆ. ಒಮ್ಮೆ ಹೀಗೆ ಕೂಡಿಸುತ್ತ ನಿಂತಾಗ ಒಲೆಯ ಮೇಲಿನ ಹಾಲೆಲ್ಲ ಉಕ್ಕಿ ಬೂದಿಗೆ ಹೋಯಿತು. "ನಿನಗೆ ಗಂಡನ ಮನೆ ಅಲ್ಲ, ರದ್ದಿ ಅಂಗಡಿ ನೋಡಿ ಕೊಡ್ಬೇಕಿತ್ತು ಮಾರಾಯ್ತಿ" ಎಂದರು ನಮ್ಮವರು. ಮಗುವಿಗೆ ಎರಡು ಅಂಕ ಕಡಿಮೆ ಬಿದ್ದಿತ್ತು. ಆ ಸಂಕಟ ಅವರಿಗೆ ಅರ್ಥವಾಗಲಿಲ್ಲ.

ಈಗ ಅಂಗಡಿಗಳಲ್ಲಿ ಎಲ್ಲ ಪ್ಲಾಸ್ಟಿಕ್ ತೊಟ್ಟೆ. ತೊಟ್ಟೆಯಲ್ಲಿ ಓದುವುದಕ್ಕೆ ಏನಿದೆ, ನನ್ನ ಚಟವೂ ಅರೆಹೊಟ್ಟೆಯಲ್ಲಿದೆ. ಮೊನ್ನೆ ಕುಂಜತ್ತೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನೆಲಕಡಲೆ ಮಾರುವವನೊಬ್ಬ ಕಾಗದದ ಸುರುಳಿಯಲ್ಲಿ ಕಡಲೆ ಹಾಕಿ ಕೊಟ್ಟ. ಕಡಲೆ ಮುಗಿಯುವವರೆಗೂ ತಾಳ್ಮೆಯಿಲ್ಲದೆ ಅರ್ಧವನ್ನು ಸೆರಗಿಗೆ ಸುರಿದುಕೊಂಡು ಕಾಗದ ಬಿಡಿಸಿದೆ. ಒಳಗೊಂದು ಚಿತ್ರ. ಬಹಳ ಎತ್ತರದ ಒಬ್ಬ ಮನುಷ್ಯ ನೆಲ ಬಿಟ್ಟು ಮೇಲೆದ್ದಿದ್ದಾನೆ, ಕೈಯಲ್ಲಿ ಚೆಂಡು, ಮೇಲೆ ಬುಡವಿಲ್ಲದ ಬುಟ್ಟಿ. ಚಿತ್ರದ ಕೆಳಗಿನ ಬರಹ ಹರಿದು ಹೋಗಿತ್ತು. ಚೆಂಡು ಬಿತ್ತೋ ಇಲ್ಲವೋ ಎಂದು ಯೋಚಿಸುತ್ತ ನಿಂತೆ, ಬಸ್ಸು ಬಂದು ಹೋಯಿತು.

ಬಸ್ಸು ಹೋದರೆ ಇನ್ನೊಂದು ಬರುತ್ತದೆ. ನಾನಾಗ ನಿಂತಿದ್ದದ್ದು ಕುಂಜತ್ತೂರಿನಲ್ಲಿ ಅಲ್ಲವೇ ಅಲ್ಲ. ಹತ್ತು ಹನ್ನೊಂದು ವರ್ಷದ ಹುಡುಗಿಯಾಗಿ, ಮೀಂಜದ ನಮ್ಮ ಮನೆಯ ಹತ್ತಿರ, ರಸ್ತೆ ತಿರುಗುವಲ್ಲಿದ್ದ ಅದ್ರಾಮ ಬ್ಯಾರಿಯ ಅಂಗಡಿಯ ಜಗಲಿಯಲ್ಲಿ ನಿಂತಿದ್ದೆ.

ಆಗಿನ್ನೂ ನಾವು ಮದರಾಸು ಪ್ರಾಂತದವರು, ಗಡಿ ಬದಲಾಗಿ ಕೇರಳದವರಾದದ್ದು ಆಮೇಲೆ. ಮನೆಯಲ್ಲಿ ಅಜ್ಜಿ, ಅಮ್ಮ, ಅಮ್ಮನ ತಮ್ಮನಾದ ದೂಮಪ್ಪ ಮಾವ ಮತ್ತು ನಾನು. ಮಾವ ಊರಿನ ಶಾಲೆಯ ಮೇಷ್ಟ್ರು. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಆಳು ಕಡ್ಡಿಯಂತೆ, ಮೀಸೆ ಮಾತ್ರ ಇಬ್ಬರಿಗಾಗುವಷ್ಟು. ಇಂಗ್ಲಿಷು ಓದಬಲ್ಲವರು ಸುತ್ತಮುತ್ತ ಅವನೊಬ್ಬನೇ ಇದ್ದುದರಿಂದ ತಪ್ಪು ಓದಿದರೂ ಹೇಳುವವರಿರಲಿಲ್ಲ. ಅಂಗಡಿಗೆ ಹೋಗಿ ಸಾಮಾನು ತರುವುದು ನನ್ನ ಕೆಲಸ. ಅದ್ರಾಮ ಬ್ಯಾರಿಯನ್ನು ನಾನು ಅದ್ರಾಮ ಕಾಕ ಎನ್ನುತ್ತಿದ್ದೆ. ಅವರು ಕಾಗದ ಸುತ್ತಿ, ಮೇಲೆ ತೂಗುತ್ತಿದ್ದ ಉಂಡೆಯಿಂದ ನೂಲು ಎಳೆದು, ಪೊಟ್ಟಣಕ್ಕೆ ಎರಡು ಸುತ್ತು ಬಿಗಿದು ಪಟ್ಟೆಂದು ಹರಿಯುವುದನ್ನು ನೋಡುವುದೇ ನನಗೊಂದು ಆಟ.

ಒಂದು ವರ್ಷ ಆ ಅಂಗಡಿಗೆ ಮಂಗಳೂರಿನಿಂದ ಹೊಸ ಬಗೆಯ ಕಾಗದದ ಕಟ್ಟು ಬಂತು. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಪತ್ರಿಕೆಗಳನ್ನು ಕಟ್ಟು ಕಟ್ಟಿ ಹಡಗಿಗೆ ಹಾಕುತ್ತಾರಂತೆ, ಅವು ಹೀಗೆ ಊರೂರಿನ ಅಂಗಡಿ ಸೇರುತ್ತವಂತೆ. ನಮ್ಮ ಪತ್ರಿಕೆಗಿಂತ ಅಗಲ, ಒಂದೊಂದಕ್ಕೂ ಹತ್ತಿಪ್ಪತ್ತು ಪುಟ. ಕಾಕನಿಗೆ ಬಹಳ ಖುಷಿ. "ಇಷ್ಟು ಬರ್ದವರಿಗೆ ಬೇರೆ ಕೆಲಸ ಇಲ್ವಾ ಅಂತ" ಎನ್ನುತ್ತ ಅಮೆರಿಕದ ಸುದ್ದಿಯಲ್ಲಿ ನಮ್ಮೂರಿನ ಜೀರಿಗೆ ಕಟ್ಟುತ್ತಿದ್ದರು.

ಒಂದು ಸಂಜೆ ನಾನು ತಂದ ಬೆಲ್ಲದ ಪೊಟ್ಟಣದ ಕಾಗದದಲ್ಲಿ ಮೊದಲ ಬಾರಿ ಆ ಚಿತ್ರ ಕಂಡಿತು. ತೆಂಗಿನ ಸಸಿಯಂಥ ಎತ್ತರದ ಗಂಡಸು ಚೆಂಡು ಹಿಡಿದು ಬುಟ್ಟಿಯತ್ತ ಹಾರಿದ್ದಾನೆ. ಮಾವ ಆ ಕಾಗದವನ್ನು ಮೊಣಕಾಲಿನ ಮೇಲೆ ತಿಕ್ಕಿ ತಿಕ್ಕಿ ನೆರಿಗೆ ಬಿಡಿಸಿ ಓದಿದ. ಇದು ಬಾಸ್ಕೆಟ್ ಬಾಲ್ ಎಂಬ ಆಟ, ಇವರಿಗೆ ಆಡುವುದೇ ಉದ್ಯೋಗ, ಆಡಿದ್ದಕ್ಕೆ ಸಂಬಳವುಂಟು ಎಂದು ವಿವರಿಸಿದ. ಅಜ್ಜಿ ಬೆಲ್ಲ ಕುಟ್ಟುವುದನ್ನು ನಿಲ್ಲಿಸಿ ಕೇಳಿದರು, "ಆಡ್ಲಿಕ್ಕೆ ಸಂಬಳ ಕೊಡುವ ಊರಿನಲ್ಲಿ ಕೆಲಸ ಮಾಡುವವರಿಗೆ ಎಂತ ಕೊಡ್ತಾರೆ?" ಮಾವ ಆಗಲೇ ಆ ಎತ್ತರದವನ ಭಕ್ತನಾಗಿಬಿಟ್ಟಿದ್ದ.

ಆ ಆಟಗಾರನ ಹೆಸರು ಹತ್ತಾರು ಅಕ್ಷರದ್ದು, ಹೇಗೆ ಓದಿದರೂ ನಾಲಗೆ ಮುಗ್ಗರಿಸುತ್ತಿತ್ತು. ಮಾವ ಅವನಿಗೆ ಉದ್ದಣ್ಣ ಎಂದು ಹೆಸರಿಟ್ಟ. ಉದ್ದಣ್ಣನ ತಂಡಕ್ಕೆ ಹಸುರು ಬನಿಯನ್ನಿನವರು ಎಂದು ಹೆಸರಾಯಿತು. ಚಿತ್ರ ಕಪ್ಪು ಬಿಳುಪಿನದು, ಹಸುರು ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ. "ನೋಡಿದ್ರೆ ಗೊತ್ತಾಗುದಿಲ್ವಾ?" ಎಂದ ಮಾವ. ಆಮೇಲೆ ನನಗೂ ಅದು ಹಸುರಾಗಿಯೇ ಕಾಣತೊಡಗಿತು. ಇವತ್ತಿಗೂ ಹಾಗೆಯೇ ಕಾಣುತ್ತದೆ.

ಆ ದಿನದಿಂದ ನಾನು ತಂದ ಪೊಟ್ಟಣಗಳನ್ನು ಅಜ್ಜಿ ಬಿಚ್ಚುವ ಹಾಗಿಲ್ಲ, ಮಾವನೇ ಬಿಚ್ಚಬೇಕು. ಮೆಣಸು ಚೆಲ್ಲಿದರೂ ಚಿಂತೆಯಿಲ್ಲ, ಕಾಗದ ಹರಿಯಬಾರದು. ಹಸುರಿನವರು ಗೆದ್ದ ಸುದ್ದಿಯಿದ್ದರೆ ಮಾರನೆಯ ದಿನ ಶಾಲೆಯಲ್ಲಿ ಉಕ್ತಲೇಖನ ಇಲ್ಲ, ಬರೀ ಹಾಡು. ಸೋತಿದ್ದರೆ ಭಿನ್ನರಾಶಿ. ಹೀಗಾಗಿ ನಮ್ಮ ತರಗತಿಯ ಇಪ್ಪತ್ತೆರಡು ಮಕ್ಕಳೂ ಒಂದೇ ತಿಂಗಳಲ್ಲಿ ಹಸುರಿನವರ ಕಡೆಯಾದರು. ಬೆಳಿಗ್ಗೆ ನಾನು ಶಾಲೆಯ ಬೇಲಿಯ ತಡಮೆ ದಾಟುವ ಮೊದಲೇ ಎಲ್ಲರೂ ಸುತ್ತುವರಿದು, "ಸರಸೂ, ಎಂತಾಯ್ತು, ಗೆದ್ದದ್ದಾ ಸೋತದ್ದಾ?" ಎಂದು ಕೇಳುತ್ತಿದ್ದರು. ಅಷ್ಟು ಮರ್ಯಾದೆ ನನಗೆ ಆಮೇಲೆ ಎಲ್ಲಿಯೂ ಸಿಗಲಿಲ್ಲ.

ಗೆಲುವು ಬೆಲ್ಲದ ಕಾಗದದಲ್ಲಿ ಬರುತ್ತದೆ, ಸೋಲು ಮೆಣಸಿನ ಕಾಗದದಲ್ಲಿ ಬರುತ್ತದೆ ಎಂದು ಮಾವ ಎರಡು ತಿಂಗಳು ನೋಡಿ ಕಂಡುಹಿಡಿದ. ಮತ್ತೆ ಮನೆಗೆ ದಿನವೂ ಬೆಲ್ಲ. ಮೆಣಸು ಪೂರ್ತಿ ನಿಂತುಹೋಯಿತು. ಮೂರು ವಾರ ಸಪ್ಪೆ ಸಾರು ಉಂಡು ಪಾಯಸ ಕುಡಿದು ಅಜ್ಜಿಗೆ ರೇಗಿತು. "ನಿನ್ನ ಉದ್ದಣ್ಣ ಸೋಲ್ಲಿ ಮಾರಾಯ, ನನಗೆ ಒಂದು ಖಾರದ ಚಟ್ನಿ ಬೇಕು" ಎಂದರು. ಮಾವ ಆ ದಿನ ಅವರ ಜೊತೆ ಮಾತಾಡಲಿಲ್ಲ.

ಆಟದ ನಿಯಮಗಳನ್ನು ನಾವು ಚಿತ್ರ ನೋಡಿಯೇ ಕಲಿತದ್ದು. ಅಜ್ಜಿ ಸೆಗಣಿ ಸಾರಿಸಿ ಒಣಗಿಸಿಟ್ಟ ಒಳ್ಳೆಯ ಬೆತ್ತದ ಕುಕ್ಕೆಯೊಂದನ್ನು ಮಾವ ಶಾಲೆಯ ಅಂಗಳದ ಮಾವಿನ ಮರಕ್ಕೆ ಕಟ್ಟಿದ. ಚೆಂಡಿಗೆ ಚಕ್ಕೋತದ ಹಣ್ಣು. ಮೊದಲ ಹಣ್ಣು ಬುಟ್ಟಿಯೊಳಗೆ ಬಿದ್ದದ್ದೇ ಕೂತುಬಿಟ್ಟಿತು, ತೆಗೆಯಲು ಮರ ಹತ್ತಬೇಕಾಯಿತು. ಪ್ರತಿ ಸಲ ಮರ ಹತ್ತಿದರೆ ಆಟ ಮುಗಿಯುವಾಗ ವಾರ್ಷಿಕ ಪರೀಕ್ಷೆ ಬರುತ್ತದೆ ಎಂದು ಮಾವ ಚಿತ್ರವನ್ನು ಮತ್ತೊಮ್ಮೆ ಪರೀಕ್ಷಿಸಿ, ಕತ್ತಿ ತಂದು ಕುಕ್ಕೆಯ ಬುಡ ಕತ್ತರಿಸಿದ. ಎರಡನೆಯ ಹಣ್ಣು ಒಳಗಿಂದ ಇಳಿದು ಅವನ ತಲೆಯ ಮೇಲೆ ಒಡೆಯಿತು. ಮಕ್ಕಳೆಲ್ಲ ತಿಂದರು. ಮನೆಯಲ್ಲಿ ಅಜ್ಜಿ ಕುಕ್ಕೆಯ ಬುಡವನ್ನು ಕೈಯಲ್ಲಿ ಹಿಡಿದು, "ಬುಡ ಇದ್ದದ್ದನ್ನು ಬುಡ ಇಲ್ಲದ ಹಾಗೆ ಮಾಡಿದವ ಮಕ್ಕಳಿಗೆ ಎಂತ ಕಲಿಸ್ತಾನೆ?" ಎಂದು ಅಮ್ಮನ ಹತ್ತಿರ ಕೇಳಿದರು.

ಅದ್ರಾಮ ಕಾಕನಿಗೆ ಒಂದಕ್ಷರ ಇಂಗ್ಲಿಷು ಬಾರದು. ಆದರೆ ಮಾವ ಅವರ ಅಂಗಡಿಯ ಜಗಲಿಯಲ್ಲಿ ನಿಂತು ಓದಿ ಕನ್ನಡದಲ್ಲಿ ಹೇಳುವುದನ್ನು ಕೇಳಿ ಕೇಳಿ ಅವರೂ ಆಟದೊಳಗೆ ಇಳಿದರು. ಹಸುರಿನವರ ವೈರಿಗಳಾದ ಪಟ್ಟೆ ಚಡ್ಡಿಯವರು ಅವರ ತಂಡ. ಯಾಕೆ ಎಂದರೆ, ಮೇಷ್ಟ್ರು ಹಸುರಿನವರ ಕಡೆ ಇದ್ದಾರಲ್ಲ, ಇಬ್ಬರೂ ಒಂದೇ ಕಡೆ ಇದ್ದರೆ ಮಾತಾಡುವುದೆಂತ ಎಂದರು. ಒಮ್ಮೆ ಮಾವ ಹಸುರಿನವರು ಎಂಬತ್ತು ಅಂಕ ಪಡೆದ ಸುದ್ದಿ ಓದಿದಾಗ ಕಾಕ ತಕ್ಕಡಿ ಕೆಳಗಿಟ್ಟು ಹೇಳಿದರು, "ಎಂಬತ್ತು ಸಲ ಹಾಕಿದ ಮೇಲೂ ಬುಟ್ಟಿ ತುಂಬುದಿಲ್ಲ ಅಂದ್ರೆ ಅದು ನಷ್ಟದ ವ್ಯಾಪಾರ ಮಾಷ್ಟ್ರೇ. ನಮ್ಮವರು ಕಡಿಮೆ ಹಾಕಿದ್ದು ಬುದ್ಧಿವಂತಿಕೆ."

ನಮಗೆ ಅರ್ಥವಾಗದ ಒಂದು ಸಂಗತಿಯಿತ್ತು. ಒಂದು ವಾರದ ಚಿತ್ರದಲ್ಲಿ ಉದ್ದಣ್ಣನ ನೆತ್ತಿ ಬೋಳು, ಮುಂದಿನ ವಾರ ತಲೆ ತುಂಬ ಗುಂಗುರು ಕೂದಲು, ಮತ್ತೊಂದು ವಾರಕ್ಕೆ ಮತ್ತೆ ಬೋಳು. ಅದು ಅಲ್ಲಿನ ಎಣ್ಣೆಯ ಗುಣ ಎಂದ ಮಾವ. "ಆ ಎಣ್ಣೆ ಯಾವುದು ಅಂತ ಪೇಪರಿನಲ್ಲಿ ಉಂಟಾ ನೋಡು" ಎಂದರು ಅಜ್ಜಿ. ಉದ್ದಣ್ಣನ ವಿಷಯದಲ್ಲಿ ಅವರು ಆಸಕ್ತಿ ತೋರಿಸಿದ್ದು ಅದೊಂದೇ ಸಲ. ಪತ್ರಿಕೆಯ ತಾರೀಕು ನೋಡಿದ್ದರೆ ಗುಟ್ಟು ಆಗಲೇ ಬಯಲಾಗುತ್ತಿತ್ತು. ಆದರೆ ಕಾಕ ಪ್ರತಿ ಹಾಳೆಯ ಮೇಲಂಚನ್ನು ಗೇಣಗಲ ಹರಿದು ನಶ್ಯದ ಚಿಕ್ಕ ಪೊಟ್ಟಣ ಕಟ್ಟುವುದಕ್ಕೆ ತೆಗೆದಿಡುತ್ತಿದ್ದರು. ಅಮೆರಿಕದ ತಾರೀಕುಗಳೆಲ್ಲ ನಮ್ಮೂರಿನ ಮೂಗುಗಳ ಪಾಲಾಗುತ್ತಿದ್ದವು. ಇವತ್ತು ಓದಿದ್ದು ನಿನ್ನೆ ನಡೆದ ಆಟ, ಹೆಚ್ಚೆಂದರೆ ಹಡಗು ಬರುವಷ್ಟು ಹಳೆಯದು ಎಂದೇ ನಾವು ನಂಬಿದ್ದೆವು.

ಈ ನಡುವೆ ಮಾವನಿಗೆ ಹೆಣ್ಣು ಗೊತ್ತಾಯಿತು. ಶಿರಿಯದ ಕಡೆಯವಳು, ಹೆಸರು ಕಮಲ. ಅದಕ್ಕೆ ಮೊದಲು ಮೂವರನ್ನು ಬೇಡವೆಂದಿದ್ದಳಂತೆ. ನೋಡಲು ಹೋದ ದಿನ ಮಾವ ಬೆವರಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ನಾಲ್ಕು ದಿನ ಬಿಟ್ಟು ಅವಳ ಅಣ್ಣ ಬಂದು, "ಹುಡುಗಿ ಒಪ್ಪಿದ್ದಾಳೆ. ಮೀಸೆ ಚಂದ ಉಂಟಂತೆ" ಎಂದ. ಅಷ್ಟೇ. ಬಣ್ಣ, ಗುಣ, ವಿದ್ಯೆ, ಮೇಷ್ಟ್ರ ಕೆಲಸ, ಯಾವುದರ ಪ್ರಸ್ತಾಪವೂ ಇರಲಿಲ್ಲ. ಆ ದಿನದಿಂದ ಅಜ್ಜಿ ಮಾವನ ಮೀಸೆಗೆಂದೇ ಬೇರೆ ಕರಟದಲ್ಲಿ ಎಣ್ಣೆ ತೆಗೆದಿಡತೊಡಗಿದರು.

ಮದುವೆಗೆ ಹದಿನೈದು ದಿನವಿರುವಾಗ ಆ ಕಾಗದ ಬಂತು. ನಾನು ಬೆಲ್ಲಕ್ಕೆ ಹೋಗಿದ್ದೆ, ಶಾಲೆ ಬಿಟ್ಟ ಮಾವನೂ ಜಗಲಿಗೆ ಬಂದ. ಕಾಕ ಕಾಗದ ಎಳೆದಾಗ ಅದರಲ್ಲಿ ಉದ್ದಣ್ಣ. ಮಾವ ಅದನ್ನು ಕಿತ್ತುಕೊಂಡು ಓದಿದ. ವರ್ಷದ ಕಟ್ಟಕಡೆಯ ಆಟ. ಗೆದ್ದವರೇ ಆ ವರ್ಷದ ರಾಜರು. ಒಂದು ಕಡೆ ಹಸುರಿನವರು, ಇನ್ನೊಂದು ಕಡೆ ಪಟ್ಟೆ ಚಡ್ಡಿಯವರು. ಮಾವ ಒಂದೊಂದು ಸಾಲನ್ನೂ ಕನ್ನಡ ಮಾಡುತ್ತ ಹೋದ ಹಾಗೆ ಕಾಕನ ತಕ್ಕಡಿ ಗಾಳಿಯಲ್ಲೇ ನಿಂತಿತು. ಕೊನೆಯ ನಿಮಿಷ. ಪಟ್ಟೆಯವರು ಎಪ್ಪತ್ತೈದು, ಹಸುರಿನವರು ಎಪ್ಪತ್ತನಾಲ್ಕು. ಒಂದು ಸಲ ಹಾಕಿದರೆ ಎರಡು ಅಂಕ. ಚೆಂಡು ಉದ್ದಣ್ಣನ ಕೈಗೆ ಬಂತು. ಉದ್ದಣ್ಣ ತಿರುಗಿದ. ಉದ್ದಣ್ಣ ಹಾರಿದ.

"ಮತ್ತೆ?" ಎಂದರು ಕಾಕ.

ಮಾವ ಕಾಗದವನ್ನು ತಿರುಗಿಸಿದ. ಮತ್ತೆ ಈಚೆ ತಿರುಗಿಸಿದ. ಅವನ ಮುಖ ಸಣ್ಣದಾಯಿತು. "ಉಳಿದದ್ದು ಹದಿನಾಲ್ಕನೆಯ ಪುಟದಲ್ಲಿ ಅಂತ ಉಂಟು" ಎಂದ.

ಮೂವರೂ ಸೇರಿ ಅಂಗಡಿಯ ಕಟ್ಟನ್ನೆಲ್ಲ ಕೆದಕಿದೆವು. ಹದಿನಾಲ್ಕನೆಯ ಪುಟ ಇಲ್ಲ. ಆ ದಿನ ಮಧ್ಯಾಹ್ನದಿಂದ ಹಾಳೆಗಳು ಯಾರು ಯಾರ ಸಾಮಾನಿನ ಜೊತೆಗೋ ಹೋಗಿದ್ದವು. "ಹುಡುಕುದು ಯಾಕೆ? ಒಂದು ಅಂಕ ಮುಂದೆ ಇದ್ದದ್ದು ನಮ್ಮವರು. ಗೆದ್ದದ್ದೂ ನಮ್ಮವರೇ" ಎಂದರು ಕಾಕ. ಮಾವನಿಗೆ ಎಲ್ಲಿಲ್ಲದ ಆವೇಶ ಬಂತು. "ಉದ್ದಣ್ಣ ಹಾರಿದ ಮೇಲೆ ಚೆಂಡು ಬೀಳದೆ ಇರುವುದುಂಟಾ? ಹಸುರಿನವರು ಸೋತಿದ್ರೆ ನಾನು ಈ ಮೀಸೆ ಬೋಳಿಸ್ತೇನೆ!" ಎಂದ. ಕಾಕನೂ ಬಿಡಲಿಲ್ಲ. "ಗೆದ್ದಿದ್ರೆ ನನ್ನ ಆರಾಮ ಕುರ್ಚಿ ನಿಮಗೆ" ಎಂದು ಜಗಲಿಯ ಮೇಲಿದ್ದ ಬೀಟೆಯ ಕುರ್ಚಿಗೆ ಕೈ ತೋರಿಸಿದರು. ಆ ಕುರ್ಚಿಯ ಮೇಲೆ ಮಾವನಿಗೆ ಎಷ್ಟೋ ವರ್ಷದಿಂದ ಕಣ್ಣಿತ್ತು.

ನಾನು ಮನೆಗೆ ಬಂದು ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ. ಬಯ್ಯುತ್ತಾರೆ ಎಂದುಕೊಂಡಿದ್ದೆವು. ಅಜ್ಜಿ ಬಯ್ಯಲಿಲ್ಲ, ಕಂಬಕ್ಕೊರಗಿ ಕೂತುಬಿಟ್ಟರು. "ತಲೆಯನ್ನೇ ಪಣಕ್ಕೆ ಇಟ್ಟಿದ್ರೂ ಅಡ್ಡಿ ಇರ್ಲಿಲ್ಲ. ಅದನ್ನು ನೋಡಿ ಅವಳು ಒಪ್ಪಿದ್ದಲ್ಲ" ಎಂದರು.

ಆಗಲೇ ಮಾವನಿಗೆ ತಾನು ಮಾಡಿದ್ದು ಏನೆಂದು ಹೊಳೆದದ್ದು. ಮಾತು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಉಪ್ಪಿಗೆ ಬಂದವರಿಗೂ ಕಾಕ ಅದನ್ನು ಹೇಳಿ ಕಳಿಸುತ್ತಿದ್ದರು. ಮೂವರನ್ನು ಬೇಡವೆಂದವಳು ನಾಲ್ಕನೆಯವನನ್ನು ಬೇಡವೆನ್ನಲು ಎಷ್ಟು ಹೊತ್ತು? ನನಗೂ ಹೆದರಿಕೆಯಾಯಿತು. ಅತ್ತೆ ಬರುತ್ತಾಳೆ, ನನಗೆ ಜಡೆ ಹೆಣೆಯುತ್ತಾಳೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಆದರೆ ನಿಜ ಹೇಳುತ್ತೇನೆ, ಆ ಹೆದರಿಕೆಗಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ಉದ್ದಣ್ಣ ಹಾರಿದವನು ಇನ್ನೂ ಕೆಳಗಿಳಿದಿರಲಿಲ್ಲ. ಅನ್ನಕ್ಕೆ ಕೂತರೂ, ಬಾವಿಯಿಂದ ನೀರು ಸೇದಿದರೂ ಅವನು ನಮ್ಮ ತಲೆಯ ಮೇಲೆ ಗಾಳಿಯಲ್ಲೇ ಇದ್ದ.

ಮರುದಿನವೇ ಮಾವ ನನ್ನನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋದ, ಹಸುರಿನವರ ಗೆಲುವಿಗೆ ರಂಗಪೂಜೆಯ ಹರಕೆ ಹೇಳಿಕೊಳ್ಳುವುದಕ್ಕೆ. ಅರ್ಚಕ ಭಟ್ಟರು ಕೈಯಲ್ಲಿ ಹೂವು ಹಿಡಿದು ಕೇಳಿದರು, "ಯಾರ ಹೆಸರಿನಲ್ಲಿ ಪ್ರಾರ್ಥನೆ?"

"ಉದ್ದಣ್ಣ ಅಂತ."

"ನಕ್ಷತ್ರ?"

ಮಾವ ನನ್ನ ಮುಖ ನೋಡಿದ. ನಾನು ದೇವರ ಮುಖ ನೋಡಿದೆ. "ಗೊತ್ತಿಲ್ಲ ಭಟ್ರೇ. ನನ್ನದೇ ಹಾಕಿ. ಸ್ವಾತಿ" ಎಂದ ಮಾವ.

"ಗೋತ್ರ?"

"ಅದೂ ಗೊತ್ತಿಲ್ಲ. ಅವರು ಸ್ವಲ್ಪ ದೂರದವರು."

"ಅಡ್ಡಿಯಿಲ್ಲ. ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಹೇಳುವ ಕ್ರಮ ಉಂಟು" ಎಂದು ಭಟ್ಟರು ಕಣ್ಣು ಮುಚ್ಚಿದರು. ಹೀಗೆ ಅಮೆರಿಕದ ಉದ್ದಣ್ಣ, ಕಾಶ್ಯಪ ಗೋತ್ರದ ಸ್ವಾತಿ ನಕ್ಷತ್ರದವನಾಗಿ, ಮೀಂಜದ ದೇವರ ಮುಂದೆ ನಿಂತ. ಅವನಿಗೆ ಮೈಯಲ್ಲಿ ಏನಾದರೂ ಗೊತ್ತಾಯಿತೋ ಏನೋ.

ದೇವರಿಗೆ ಹೇಳಿದ ಮೇಲೆ ಮನುಷ್ಯಪ್ರಯತ್ನ. ಪುಟ ಹುಡುಕುತ್ತ ಮಾವ ಮನೆಮನೆಗೆ ಹೊರಟ. ಮಕ್ಕಳ ಓದಿನ ಬಗ್ಗೆ ವಿಚಾರಿಸುವ ನೆಪದಲ್ಲಿ ಅವನು ಜಗಲಿಯಲ್ಲಿ ಕೂರುವುದು, ನಾನು ಹಿಂದಿನಿಂದ ಅಡುಗೆಮನೆಗೆ ನುಗ್ಗಿ, "ಪೊಟ್ಟಣದ ಕಾಗದ ಉಂಟಾ?" ಎಂದು ಕೇಳುವುದು. ಮೇಷ್ಟ್ರು ಮನೆಗೆ ಬಂದರೆಂದು ಮಕ್ಕಳು ದನದ ಹಟ್ಟಿಯಲ್ಲಿ ಅಡಗಿದವು. ಹನ್ನೆರಡನೆಯ ಪುಟ ಒಂದು ಮನೆಯ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿತ್ತು. ಹದಿನೈದನೆಯದು ತೊಟ್ಟಿಲ ಮೇಲೆ ಹಕ್ಕಿಯಾಗಿ ತೂಗುತ್ತಿತ್ತು. ಅದನ್ನು ಬಿಡಿಸಿ ನೋಡಿದ್ದಕ್ಕೆ ಮಗು ಎದ್ದು ಊರು ಒಂದಾಗುವ ಹಾಗೆ ಅತ್ತಿತು. ಅದರ ತಾಯಿ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಹತ್ತು ದಿನ ತಿರುಗಿದೆವು. ಹದಿನಾಲ್ಕು ಮಾತ್ರ ಇಲ್ಲ. ಹುಡುಕಿದ್ದನ್ನು ನೋಡಿ ಜನ ಕಾಗದಕ್ಕೆ ಏನೋ ಬೆಲೆಯುಂಟೆಂದು ತಿಳಿದು ಅಂಗಡಿಯಲ್ಲಿ ಎರಡೆರಡು ಸುತ್ತು ಸುತ್ತಿಸಿಕೊಳ್ಳತೊಡಗಿದರು. ಕಾಕನ ಕಟ್ಟು ಬೇಗ ಖಾಲಿಯಾಯಿತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ, ಕ್ರಮದಂತೆ ಮದುಮಗನ ಮುಖಕ್ಷೌರಕ್ಕೆ ಭಂಡಾರಿ ಮನೆಗೇ ಬಂದ. ಅವನೇ ನಮ್ಮೂರಿನ ಕ್ಷೌರಿಕ. ಮೇಷ್ಟ್ರ ಮದುವೆಯೆಂದು ಕತ್ತಿಗೆ ಹೊಸದಾಗಿ ಸಾಣೆ ಹಿಡಿಸಿಕೊಂಡು, ಬೋಳಿಸಿದ ಮೇಲೆ ಕೆನ್ನೆಗೆ ಉಜ್ಜುವ ಪಟಿಕದ ಕಲ್ಲನ್ನೂ ಎರಡು ವಾರ ಮೊದಲೇ ಹೊಸತು ಕೊಂಡಿಟ್ಟಿದ್ದ. ಅಂಗಳದ ಚಪ್ಪರದ ಕೆಳಗೆ ಮಣೆಯ ಮೇಲೆ ಮಾವ. ಅವನ ಮುಖದಲ್ಲಿ ಮದುಮಗನ ಕಳೆಯಿರಲಿಲ್ಲ. "ಮೀಸೆ ತೆಗೀಬೇಡ, ಅಂಚು ಮಾತ್ರ ಸರಿ ಮಾಡು" ಎಂದರು ಅಜ್ಜಿ ಹತ್ತಿರವೇ ನಿಂತು, ಕಾವಲಿಗೆ. ಭಂಡಾರಿ ಪಟಿಕದ ಪೊಟ್ಟಣ ಬಿಚ್ಚಿ, ಕಲ್ಲನ್ನು ನೀರಿಗೆ ಹಾಕಿ, ಕತ್ತಿಯ ನೊರೆ ಒರೆಸುವುದಕ್ಕೆಂದು ಆ ಕಾಗದವನ್ನು ತನ್ನ ಮೊಣಕಾಲಿನ ಮೇಲೆ ಹಾಸಿಕೊಂಡ.

ನಾನು ಎದುರಿಗೆ ಕೂತಿದ್ದೆ. ಚಟ ಎಲ್ಲಿ ಹೋಗುತ್ತದೆ? ತಲೆಕೆಳಗಾಗಿ ಓದತೊಡಗಿದೆ. ಪಟಿಕದ ಕಲ್ಲು ದೊಡ್ಡದಿದ್ದುದರಿಂದ ಕಾಕ ಹಾಳೆ ಹರಿಯದೆ ಇಡಿಯಾಗಿ ಕೊಟ್ಟಿದ್ದರು. ಕೆಳಗಿನ ಮೂಲೆಯಲ್ಲಿ ಒಂದು ಮತ್ತು ನಾಲ್ಕು. ಹದಿನಾಲ್ಕು! ಕಾಗದದ ನಡುವೆ ನೊರೆಯ ಗುಡ್ಡೆ. ಬೆರಳಿನಿಂದ ನೊರೆ ಸರಿಸಿದೆ. ಮಾವ ಕಲಿಸಿದ ಇಂಗ್ಲಿಷಿನಲ್ಲಿ ನನಗೆ ಅಂಕೆಗಳೂ ಆ ಎರಡು ತಂಡಗಳ ಹೆಸರೂ ಗುರುತು ಸಿಗುತ್ತಿದ್ದವು. ಹಸುರಿನವರ ಹೆಸರಿನ ಮುಂದೆ ಎಪ್ಪತ್ತಾರು. ಪಟ್ಟೆಯವರ ಮುಂದೆ ಎಪ್ಪತ್ತೈದು.

"ಮಾವಾ, ಉದ್ದಣ್ಣ ಹಾಕಿದ! ನಾವು ಗೆದ್ದೆವು!" ಎಂದು ಕಿರುಚಿದೆ.

ಮಾವ ಮಣೆಯಿಂದ ಎದ್ದದ್ದಲ್ಲ, ಹಾರಿದ್ದು. ಸಾಕ್ಷಾತ್ ಉದ್ದಣ್ಣನ ಹಾಗೆ. ಭಂಡಾರಿಯ ಹೊಸ ಸಾಣೆಯ ಕತ್ತಿ ಆಗ ಮೀಸೆಯ ಎಡಗಡೆಯ ಅಂಚಿನಲ್ಲಿತ್ತು. ಮಾವ ಕೆಳಗಿಳಿದಾಗ ಅರ್ಧ ಮೀಸೆ ಹದಿನಾಲ್ಕನೆಯ ಪುಟದ ಮೇಲೆ ಬಿದ್ದಿತ್ತು.

ಅಜ್ಜಿ ಆ ಅರ್ಧ ಮೀಸೆಯನ್ನೇ ನೋಡುತ್ತ, "ಅಂಟಿಸ್ಲಿಕ್ಕೆ ಆಗ್ತದಾ ಭಂಡಾರಿ?" ಎಂದರು. ಭಂಡಾರಿ ತಲೆ ತಗ್ಗಿಸಿ ಉಳಿದರ್ಧವನ್ನೂ ತೆಗೆದ. ಮಾವನಿಗೆ ಗಾಯವೇನೂ ಆಗಿರಲಿಲ್ಲ, ಆದರೂ ಕೂತು ಅತ್ತುಬಿಟ್ಟ. ಗೆದ್ದದ್ದಕ್ಕೋ ಹೋದದ್ದಕ್ಕೋ, ನಾನು ಕೇಳಲಿಲ್ಲ.

ಸುದ್ದಿ ಕೇಳಿ ಅದ್ರಾಮ ಕಾಕ ಓಡಿ ಬಂದರು. ಕಾಗದವನ್ನು ಅವರಿಗೂ ತೋರಿಸಿ ಓದುವಾಗಲೇ ಮಾವನ ಕಣ್ಣು ಮೇಲಂಚಿಗೆ ಹೋದದ್ದು. ಅಲ್ಲಿ ತಾರೀಕಿತ್ತು. ಅದು ಏಳು ವರ್ಷ ಹಿಂದಿನದು! ಒಂದೊಂದು ಕಟ್ಟಿನಲ್ಲಿ ಬೇರೆ ಬೇರೆ ವರ್ಷಗಳ ಪತ್ರಿಕೆ ಕಲಸಿದ್ದವು. ಉದ್ದಣ್ಣನ ಕೂದಲು ಬಂದು ಹೋಗುತ್ತಿದ್ದದ್ದು ಎಣ್ಣೆಯಿಂದಲ್ಲ. ನಾವು ಇಷ್ಟೆಲ್ಲ ಹರಕೆ ಹೊತ್ತು, ಮೆಣಸು ಬಿಟ್ಟು, ಮೀಸೆ ಕಳೆದುಕೊಂಡದ್ದು, ನಾನು ಮೂರು ನಾಲ್ಕು ವರ್ಷದ ಮಗುವಾಗಿದ್ದಾಗಲೇ ಮುಗಿದುಹೋದ ಆಟಕ್ಕೆ.

"ಏಳು ವರ್ಷ ಹಿಂದೆ ಆದದ್ದಕ್ಕೆ ನಾನು ಕುರ್ಚಿ ಕೊಡುದಾ?" ಎಂದು ಕಾಕ ಕೇಳಿದರು. ಮಾವ ಬೋಳು ತುಟಿಯನ್ನು ಕೈಯಿಂದ ಮುಚ್ಚಿ ಅವರತ್ತ ನೋಡಿದ. ಕಾಕ ತಿರುಗಿ ಅಂಗಡಿಯ ಕಡೆ ಹೋದರು. ಮಧ್ಯಾಹ್ನ ಆರಾಮ ಕುರ್ಚಿಯನ್ನು ತಾವೇ ತಲೆಯ ಮೇಲೆ ಹೊತ್ತು ತಂದು ಚಪ್ಪರದಲ್ಲಿ ಇಳಿಸಿದರು. ಹರಕೆಯ ಮಾತು ಬಂದಾಗ ಭಟ್ಟರು, "ದೇವರಿಗೆ ಎಂತ ತಾರೀಕು ಮಾಷ್ಟ್ರೇ? ಗೆಲ್ಲಿಸಿದ್ದಾನೆ, ರಂಗಪೂಜೆ ಮಾಡಿಸಿ" ಎಂದರು. ಮದುವೆಯ ಗಡಿಬಿಡಿ ಮುಗಿದ ಮೇಲೆ ಮಾಡಿಸಿದೆವು ಕೂಡ.

ಮದುವೆ ಶಿರಿಯದಲ್ಲಿ, ಹೆಣ್ಣಿನ ಮನೆಯಲ್ಲಿ. ಧಾರೆಯ ಹೊತ್ತಿಗೆ ಕಮಲತ್ತೆ ತಲೆ ಎತ್ತಿ ಮಾವನ ಮುಖ ನೋಡಿದಳು, ಮತ್ತೊಮ್ಮೆ ನೋಡಿದಳು, ಆಮೇಲೆ ತನ್ನ ಅಣ್ಣನ ಕಡೆ ನೋಡಿದಳು. ಅಜ್ಜಿ ಎಲ್ಲ ದೈವಗಳಿಗೂ ಒಟ್ಟಿಗೆ ಕೈ ಮುಗಿದರು. ಅತ್ತೆ ಕೈ ಮುಂದೆ ಚಾಚಿದಳು. ಧಾರೆಯಾಯಿತು.

ಹಿಂದೆ ಬರುವಾಗ ದೋಣಿಯಲ್ಲಿ ಹೊಳೆ ದಾಟಬೇಕಿತ್ತು. ಮದುಮಕ್ಕಳ ನಡುವೆ ನನ್ನನ್ನು ಕೂರಿಸಿದ್ದರು. ದಡ ಬಿಟ್ಟ ಮೇಲೆ ಅತ್ತೆ ಮೊದಲ ಬಾರಿ ಬಾಯಿ ಬಿಟ್ಟಳು, ನನ್ನ ಹತ್ತಿರ ಕೇಳುವವಳ ಹಾಗೆ. "ಮೀಸೆ ಎಂತಾಯ್ತು?"

ಮಾವ ಹೇಳತೊಡಗಿದ. ಬೆಲ್ಲದ ಕಾಗದದಿಂದ ಸುರು ಮಾಡಿ, ಕುಕ್ಕೆಯ ಬುಡ, ಭಿನ್ನರಾಶಿ, ಕಾಶ್ಯಪ ಗೋತ್ರ, ತೊಟ್ಟಿಲ ಹಕ್ಕಿ, ಭಂಡಾರಿಯ ಕತ್ತಿ, ಯಾವುದನ್ನೂ ಬಿಡಲಿಲ್ಲ. ಆಟ ಏಳು ವರ್ಷ ಹಳೆಯದೆಂಬುದನ್ನೂ ಮುಚ್ಚಿಡಲಿಲ್ಲ. ಅಂಬಿಗ ಹುಟ್ಟು ಹಾಕುವುದನ್ನು ಮರೆತ, ದೋಣಿ ತನ್ನಷ್ಟಕ್ಕೆ ತಿರುಗಿತು. ಅತ್ತೆಯ ಮುಖ ನೀರಿನ ಕಡೆಗಿತ್ತು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಇಂಥವನಿಗೆ ನನ್ನನ್ನು ಕೊಟ್ಟರಲ್ಲಾ ಎಂದುಕೊಳ್ಳುತ್ತಿದ್ದಾಳೆ ಎಂದೇ ನನಗನಿಸಿತು. ಮಾವ ಮಾತು ಮುಗಿಸಿ, ತಪ್ಪು ಮಾಡಿದ ಹುಡುಗ ಮೇಷ್ಟ್ರ ಮುಂದೆ ನಿಲ್ಲುವ ಹಾಗೆ ಕೈ ಕಟ್ಟಿ ಕೂತ.

ದೋಣಿ ದಡ ಮುಟ್ಟುವಾಗ ಅತ್ತೆ ಕೇಳಿದಳು. "ಆ ಉದ್ದಣ್ಣ ಈಗಲೂ ಆಡ್ತಾರಾ?"

ಅಷ್ಟು ದಿನಗಳಲ್ಲಿ ಆ ಪ್ರಶ್ನೆ ನಮಗಾರಿಗೂ ಹೊಳೆದಿರಲಿಲ್ಲ. "ಗೊತ್ತಿಲ್ಲ" ಎಂದ ಮಾವ.

"ಹಾಗಾದ್ರೆ ನೋಡ್ಬೇಕಲ್ಲ" ಎಂದು ಅತ್ತೆ ಸೀರೆಯ ನೆರಿಗೆ ಎತ್ತಿ ದೋಣಿಯಿಂದ ಇಳಿದಳು.

ಮೀಸೆ ಮೂರು ತಿಂಗಳಲ್ಲಿ ಮತ್ತೆ ಬಂತು. ಅಷ್ಟರಲ್ಲಿ ಅತ್ತೆ ಅದ್ರಾಮ ಕಾಕನಿಗೆ ಹೇಳಿ ನಶ್ಯಕ್ಕೆ ಬೇರೆ ಕಾಗದ ಗೊತ್ತು ಮಾಡಿಸಿ, ಹೊಸ ಕಟ್ಟುಗಳಲ್ಲಿ ಬಂದ ಪುಟಗಳನ್ನೆಲ್ಲ ತಾರೀಕಿನಂತೆ ಜೋಡಿಸಿ ದಾರ ಹಾಕಿ ಹೊಲಿದಿದ್ದಳು. ಅಜ್ಜಿಗೆ ಮೆಣಸು ಸಿಕ್ಕಿತು. ಮಧ್ಯಾಹ್ನ ಮಾವ ಆರಾಮ ಕುರ್ಚಿಯಲ್ಲಿ ಕೂತು ಓದುವುದು, ಅತ್ತೆ ಕೆಳಗೆ ಕೂತು ನನ್ನ ಜಡೆ ಹೆಣೆಯುತ್ತ ಕೇಳುವುದು. ಹಸುರಿನವರು ಸೋತರೆ ಜಡೆ ಬಿಗಿಯಾಗುತ್ತಿತ್ತು. ನಾನು ಅಂಗಡಿಗೆ ಹೊರಟಾಗಲೆಲ್ಲ ಅವಳು ತಡಮೆಯವರೆಗೆ ಬಂದು, ಅಜ್ಜಿಗೆ ಕೇಳಿಸದ ಹಾಗೆ ಹೇಳುತ್ತಿದ್ದಳು, "ಸರಸೂ, ಜೀರಿಗೆ ಎಷ್ಟಾದ್ರೂ ಆಗ್ಲಿ. ಕಾಗದ ದೊಡ್ಡದು ನೋಡಿ ತಾ."